ವರ್ಷಕ್ಕೆ 88 ಸೆಂಟ್ ಬಾಡಿಗೆ

ನಾವು ನೋಡಬೇಕೆಂದು ಹೊರಟದ್ದು ಮ್ಯೂನಿಕ್, ನೋಡಿದ್ದು ಔಗ್ಸ್‌ಬುರ್ಗ್. ಇದಕ್ಕೆ ಕಾರಣ ಇತಿಹಾಸದ ಮೇಲಿನ ಪ್ರೀತಿ ಅಂತ ತಿಳಿಯಬೇಡಿ. ಕಾರಣ ಹೋಟೆಲ್ ರೂಮಿನ ರೇಟು.

2023ರಲ್ಲಿ ಬ್ಯಾಂಕಿನ ಒಂದು ಕೆಲಸದ ಮೇಲೆ ಮೂರು ತಿಂಗಳು ಫ್ರಾಂಕ್‌ಫರ್ಟಿನಲ್ಲಿದ್ದೆ. ಹಳೆಯ ಸಾಫ್ಟ್‌ವೇರಿನ ಲೆಕ್ಕವನ್ನೆಲ್ಲ ಹೊಸದಕ್ಕೆ ಸಾಗಿಸಿ, ಎರಡೂ ಕಡೆ ಮೊತ್ತ ಸರಿ ಕೂಡುತ್ತದೆಯೇ ಅಂತ ನೋಡುವ ಕೆಲಸ. ನನ್ನಂಥ ಬಿ.ಕಾಂ. ಮುದುಕರನ್ನು ಇಂಥದಕ್ಕೇ ಕಳಿಸುತ್ತಾರೆ. ಕಂಪ್ಯೂಟರಿನವರಿಗೆ ಲೆಕ್ಕ ಬರುವುದಿಲ್ಲ, ನಮಗೆ ಕಂಪ್ಯೂಟರ್ ಬರುವುದಿಲ್ಲ. ಒಬ್ಬರ ಪಕ್ಕ ಒಬ್ಬರನ್ನು ಕೂರಿಸಿದರೆ ಹೇಗೋ ನಡೆಯುತ್ತದೆ.

ಭಾರತದಿಂದ ಬಂದವರು ನಾಲ್ವರು. ನಾನು, ನನಗಿಂತ ಒಂದು ವರ್ಷ ದೊಡ್ಡವರಾದ ಚೆನ್ನೈಯ ಅಧಿಕಾರಿ (ನಾವೆಲ್ಲ ಅವರನ್ನು ಮಾಮ ಅಂತಲೇ ಕರೆಯುವುದು), ಒಬ್ಬ ಬಂಗಾಳಿ ಹುಡುಗ, ನಾಗಪುರದ ಒಬ್ಬ ಹುಡುಗಿ. ಹೆಸರು ಬರೆದರೆ ಅವರಿಗೆ ಸರಿ ಅನಿಸಲಿಕ್ಕಿಲ್ಲ, ಬಿಡಿ. ಐದನೆಯವರು ಅಲ್ಲಿಯವರೇ ಆದ ಒಬ್ಬ ಜರ್ಮನ್ ಸಹೋದ್ಯೋಗಿ. ನನ್ನದೇ ವಯಸ್ಸು, ಮಾತು ಕಮ್ಮಿ, ಕಾರು ಅವರದು.

ಸೆಪ್ಟೆಂಬರ್ 23ರ ಶನಿವಾರ. ಮುಂಬಯಿಯಲ್ಲಿ ಗಣಪತಿ ಕೂತು ಐದನೇ ದಿನ. ಮ್ಯೂನಿಕ್ಕಿನಲ್ಲಿ ಅಕ್ಟೋಬರ್‌ಫೆಸ್ಟ್. ಹೆಸರಲ್ಲಿ ಅಕ್ಟೋಬರ್ ಇದ್ದರೂ ಅದು ಶುರುವಾಗುವುದು ಸೆಪ್ಟೆಂಬರಿನಲ್ಲೇ. ಹುಡುಗ ಹುಡುಗಿ ಇಬ್ಬರಿಗೂ ಅದನ್ನು ನೋಡುವ ಆಸೆ. ಮ್ಯೂನಿಕ್ ಹೋಟೆಲುಗಳ ದರ ನೋಡಿದಾಗ ಮಾಮ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಗ ಜರ್ಮನರು ಅಂದರು, "ಔಗ್ಸ್‌ಬುರ್ಗಿನಲ್ಲಿ ಉಳಿಯೋಣ. ಅಲ್ಲಿಂದ ಮ್ಯೂನಿಕ್ಕಿಗೆ ರೈಲಿದೆ. ಅಲ್ಲದೆ ನೀವು ಬ್ಯಾಂಕಿನವರು, ಆ ಊರು ನಿಮ್ಮದೇ." ಕೊನೆಯ ಮಾತು ಆಗ ನನಗೆ ಅರ್ಥವಾಗಲಿಲ್ಲ.

ಫ್ರಾಂಕ್‌ಫರ್ಟಿನಿಂದ ಸುಮಾರು 360 ಕಿ.ಮೀ. ವುರ್ಟ್ಸ್‌ಬುರ್ಗ್ ತನಕ ಒಂದು ಹೆದ್ದಾರಿ, ಅಲ್ಲಿಂದ ದಕ್ಷಿಣಕ್ಕೆ ಉಲ್ಮ್ ಕಡೆ ಇನ್ನೊಂದು, ಆಮೇಲೆ ಪೂರ್ವಕ್ಕೆ ತಿರುಗಿ ಮತ್ತೊಂದು. ಅಲ್ಲಿನ ಹೆದ್ದಾರಿಯ ಕೆಲವು ಕಡೆ ವೇಗಕ್ಕೆ ಮಿತಿಯೇ ಇಲ್ಲ ಅಂತ ಓದಿದ್ದೆವಲ್ಲ, ಆ ಭಾಗ ಬಂದಾಗ ನಮ್ಮ ಮಿತಭಾಷಿ ಜರ್ಮನರು ಒಂದು ಮಾತೂ ಆಡದೆ ಮುಳ್ಳನ್ನು 170ಕ್ಕೆ ಒಯ್ದರು. ಮಾಮ ವಿಷ್ಣು ಸಹಸ್ರನಾಮ ಶುರು ಮಾಡಿದರು. ರಸ್ತೆ ದುರಸ್ತಿಯ ಬೋರ್ಡು ಬಂದು ವೇಗ 80ಕ್ಕೆ ಇಳಿಯಿತು. ಸಹಸ್ರನಾಮದ ಫಲ ಇಷ್ಟು ಬೇಗ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ದಾರಿಯಲ್ಲಿ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ತಲಾ 1 ಯೂರೋ. ಅದನ್ನು ತೆತ್ತರೆ ಒಂದು ಚೀಟಿ ಕೊಡುತ್ತಾರೆ, ಅದೇ ಅಂಗಡಿಯಲ್ಲಿ ಏನಾದರೂ ಕೊಂಡರೆ ಅದು ವಜಾ. ಈ ಒಂದು ಯೂರೋವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಔಗ್ಸ್‌ಬುರ್ಗ್ ಜರ್ಮನಿಯ ತುಂಬ ಹಳೆಯ ಊರುಗಳಲ್ಲಿ ಒಂದು. ಕ್ರಿ.ಪೂ. 15ರಲ್ಲಿ ರೋಮನ್ನರು ಹಾಕಿದ ಸೈನ್ಯದ ಬಿಡಾರದಿಂದ ಬೆಳೆದದ್ದು. ಚಕ್ರವರ್ತಿ ಅಗಸ್ಟಸನ ಹೆಸರೇ ಊರಿನ ಹೆಸರು. ಊರ ನಡುವಿನ ಟೌನ್‌ಹಾಲಿನಲ್ಲಿ ಚಿನ್ನದ ಹಾಲ್ ಅಂತ ಒಂದಿದೆ. 14 ಮೀಟರ್ ಎತ್ತರ, ಚಾವಣಿ ತುಂಬ ಚಿನ್ನದ ರೇಕು. ಕಟ್ಟಿದ್ದು ಎಲಿಯಾಸ್ ಹೋಲ್ ಎಂಬ ಶಿಲ್ಪಿ, 1615ರ ನಂತರದ ವರ್ಷಗಳಲ್ಲಿ. 1944ರ ಫೆಬ್ರವರಿಯ ಬಾಂಬ್ ದಾಳಿಯಲ್ಲಿ ಎಲ್ಲ ಸುಟ್ಟು ಹೋಗಿತ್ತಂತೆ. ಈಗ ಇರುವುದು ಹಳೆಯದನ್ನು ನೋಡಿ ಮತ್ತೆ ಮಾಡಿದ್ದು. ಅದನ್ನು ನಿಂತು ನೋಡಿದೆವು, ಕುತ್ತಿಗೆ ನೋವು ಬಂತು, ಇಳಿದು ಬಂದೆವು. ನಮ್ಮಂಥವರಿಗೆ ಹೆಚ್ಚು ಹಿಡಿಸಿದ್ದು ಬೇರೆ ಸಂಗತಿ. ಆಗಸ್ಟ್ 8ರಂದು ಈ ಒಂದು ಊರಿಗೆ ಮಾತ್ರ ಸರ್ಕಾರಿ ರಜೆ. ಪ್ರೊಟೆಸ್ಟೆಂಟರಿಗೆ ತಮ್ಮ ಧರ್ಮ ಪಾಲಿಸುವ ಸ್ವಾತಂತ್ರ್ಯ ಮರಳಿ ಸಿಕ್ಕಿದ ನೆನಪಿಗೆ 1650ರಿಂದ ನಡೆದುಬಂದ ಶಾಂತಿಯ ಹಬ್ಬ. ಹಾಗಾಗಿ ಇಡೀ ಜರ್ಮನಿಯಲ್ಲಿ ಅತಿ ಹೆಚ್ಚು ರಜೆ ಇರುವ ಊರು ಇದೇ. "ಟ್ರಾನ್ಸ್‌ಫರ್ ಕೇಳಬಹುದಾ?" ಅಂದ ಬಂಗಾಳಿ ಹುಡುಗ.

ಈಗ "ಆ ಊರು ನಿಮ್ಮದೇ" ಅಂದ ಮಾತಿಗೆ ಬರುತ್ತೇನೆ.

ಯಾಕೋಬ್ ಫುಗ್ಗರ್ (1459–1525) ಈ ಊರಿನವನು. ಬಟ್ಟೆ ವ್ಯಾಪಾರದ ಮನೆತನ. ಹುಡುಗನಾಗಿದ್ದಾಗ ವೆನಿಸ್ಸಿಗೆ ಹೋಗಿ ವ್ಯಾಪಾರ ಕಲಿತ. ನಾವು ಬಿ.ಕಾಂ. ಮೊದಲ ವರ್ಷದಲ್ಲಿ ಉರು ಹೊಡೆದ ಡೆಬಿಟ್-ಕ್ರೆಡಿಟ್ಟಿನ ಜೋಡಿ ನಮೂದು ಪದ್ಧತಿ ಆಗ ಇಟಲಿಯ ವರ್ತಕರ ಕೈಯಲ್ಲಿತ್ತು. ಆಮೇಲೆ ಸಾಲ ಕೊಡುವುದಕ್ಕಿಳಿದ. ರಾಜರಿಗೆ ಕೊಟ್ಟ, ಒತ್ತೆಗೆ ಟಿರೋಲಿನ ಬೆಳ್ಳಿ ಗಣಿಯ ಉತ್ಪನ್ನ ಬರೆಸಿಕೊಂಡ. ಪೋಪನಿಗೂ ಬಿಷಪ್ಪರಿಗೂ ಕೊಟ್ಟ. ಒಬ್ಬ ಆರ್ಚ್‌ಬಿಷಪ್ ಪದವಿ ಪಡೆಯಲು ಇವನಿಂದ ಸಾಲ ಮಾಡಿದ್ದ. ಅದರ ವಸೂಲಿ ಹೇಗೆ ಗೊತ್ತೇ? ಪಾಪಕ್ಷಮೆಯ ಪತ್ರ ಮಾರಿ ಬಂದ ಹಣದಲ್ಲಿ ಅರ್ಧ ರೋಮಿಗೆ, ಅರ್ಧ ಫುಗ್ಗರನ ಸಾಲಕ್ಕೆ. ಪತ್ರ ಮಾರುವವನ ಜತೆಯಲ್ಲೇ ಫುಗ್ಗರನ ಗುಮಾಸ್ತರು ತಿರುಗುತ್ತಿದ್ದರು. ಈ ಮಾರಾಟ ನೋಡಿಯೇ ಸಿಟ್ಟಾಗಿ ಮಾರ್ಟಿನ್ ಲೂಥರ್ 1517ರಲ್ಲಿ ತನ್ನ 95 ವಾದಗಳನ್ನು ಬರೆದದ್ದು. ಮರುವರ್ಷ ಅವನನ್ನು ವಿಚಾರಣೆಗೆ ಕರೆಸಿದ್ದೂ ಇದೇ ಊರಿಗೆ. ಅವನು ಉಳಿದುಕೊಂಡ ಸೇಂಟ್ ಆನಾ ಮಠದ ಚರ್ಚಿನಲ್ಲೇ ಫುಗ್ಗರನ ಸಮಾಧಿ ಇದೆ. ಚರ್ಚು ಮುಂದೆ ಲೂಥರನ ಪಂಥಕ್ಕೆ ಹೋಯಿತು. ಕಟ್ಟಾ ಕ್ಯಾಥೊಲಿಕ್ ಸಾಹುಕಾರ ಐನೂರು ವರ್ಷಗಳಿಂದ ಲೂಥರನ ಮನೆಯಲ್ಲಿ ಮಲಗಿದ್ದಾನೆ!

1519ರಲ್ಲಿ ಚಕ್ರವರ್ತಿಯ ಚುನಾವಣೆ. ಮತ ಹಾಕುವವರು ಏಳೇ ಜನ, ಏಳೂ ಜನರಿಗೆ ಹಣ ಬೇಕು. ಒಂದು ಕಡೆ ಫ್ರಾನ್ಸಿನ ರಾಜ, ಇನ್ನೊಂದು ಕಡೆ ಹತ್ತೊಂಬತ್ತು ವರ್ಷದ ಚಾರ್ಲ್ಸ್. ಚಾರ್ಲ್ಸನ ಕಡೆಯಿಂದ ಸುಮಾರು ಎಂಟೂವರೆ ಲಕ್ಷ ಗುಲ್ಡನ್ ಖರ್ಚಾಯಿತು, ಅದರಲ್ಲಿ ಐದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಫುಗ್ಗರ್ ಒಬ್ಬನದೇ. ಗೆದ್ದ ಮೇಲೆ ಚಕ್ರವರ್ತಿ ಸಾಲ ಮರೆತ. ನಾಲ್ಕು ವರ್ಷ ಕಾದು 1523ರಲ್ಲಿ ಫುಗ್ಗರ್ ಒಂದು ಕಾಗದ ಬರೆದ. ನಾನಿಲ್ಲದಿದ್ದರೆ ತಮಗೆ ಈ ಕಿರೀಟ ಸಿಗುತ್ತಿರಲಿಲ್ಲ ಎಂಬುದು ಲೋಕಕ್ಕೇ ಗೊತ್ತಿದೆ, ಅಸಲು ಬಡ್ಡಿ ಸಮೇತ ತಡಮಾಡದೆ ಕೊಡಿಸಬೇಕು ಎಂಬ ಅರ್ಥದ ಕಾಗದ. ನಾಗಪುರದ ಹುಡುಗಿ ಇದನ್ನು ಓದಿ, "ಸರ್, ಇದು ನಮ್ಮ ರಿಕವರಿ ನೋಟೀಸಿಗಿಂತ ಚೆನ್ನಾಗಿದೆ" ಅಂದಳು. ನಮ್ಮಲ್ಲಿ ದೊಡ್ಡ ಸಾಲಗಾರನಿಗೆ ಇಂಥ ಕಾಗದ ಬರೆಯುವ ಧೈರ್ಯದ ಮ್ಯಾನೇಜರನ್ನು ನನ್ನ ಸರ್ವೀಸಿನಲ್ಲಿ ನಾನಂತೂ ಕಂಡಿಲ್ಲ. ಹನ್ನೆರಡು ಸಾವಿರದ ಕಂತು ಬಾಕಿ ಇಟ್ಟವನಿಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಆ ಊರಲ್ಲಿ ಒಂದು ಚಿತ್ರ ತೋರಿಸುತ್ತಾರೆ. ಫುಗ್ಗರ್ ನಿಂತಿದ್ದಾನೆ, ಮುಂದೆ ಅವನ ಮುಖ್ಯ ಲೆಕ್ಕಿಗ ಮಾಟೆಯುಸ್ ಶ್ವಾರ್ಟ್ಸ್ ಪುಸ್ತಕ ಬಿಡಿಸಿ ಕೂತಿದ್ದಾನೆ. ಈ ಲೆಕ್ಕಿಗ ಭಾರಿ ಶೋಕಿಯವನು. ತಾನು ತೊಟ್ಟ ಉಡುಪಿನ ಚಿತ್ರಗಳನ್ನೇ ಬರೆಸಿ ಒಂದು ಪುಸ್ತಕ ಮಾಡಿಟ್ಟಿದ್ದಾನೆ, ನೂರಕ್ಕೂ ಮಿಕ್ಕಿ. ಆದರೆ ನಾನು ನೋಡಿದ್ದು ಹಿಂದಿನ ಕಪಾಟನ್ನು. ಖಾನೆ ಖಾನೆಗೂ ಒಂದೊಂದು ಶಾಖೆಯ ಹೆಸರು. ರೋಮ್, ವೆನಿಸ್, ಕ್ರಾಕೋವ್, ಆಂಟ್‌ವರ್ಪ್... ಅದರಲ್ಲೊಂದು ಲಿಸ್ಬನ್.

ಲಿಸ್ಬನ್ ಖಾನೆ ನೋಡಿ ನನ್ನ ಎದೆ ಸ್ವಲ್ಪ ಹೊಡೆದುಕೊಂಡಿತು. ಯಾಕೆಂದರೆ ನಾನು ಹೊನ್ನಾವರದ ಕಡೆಯವನು. 1505ರಲ್ಲಿ ಪೋರ್ಚುಗೀಸರ ಅಲ್ಮೇಡ ಲಿಸ್ಬನ್ನಿನಿಂದ ಹಡಗುಪಡೆ ಕಟ್ಟಿಕೊಂಡು ಭಾರತಕ್ಕೆ ಬಂದನಲ್ಲ, ಆ ಪಡೆಯ ಮೂರು ಹಡಗುಗಳಿಗೆ ಹಣ ಹಾಕಿದವರು ಜರ್ಮನ್ ಮತ್ತು ಇಟಲಿಯ ವರ್ತಕರು. ಜರ್ಮನರದು ಒಟ್ಟು 36,000 ಕ್ರುಜಾಡೊ. ಅದರಲ್ಲಿ 20,000 ಇದೇ ಊರಿನ ವೆಲ್ಸರ್ ಮನೆತನದ್ದು, 4,000 ಫುಗ್ಗರರದ್ದು. ಎಲ್ಲ ಕಾಳುಮೆಣಸಿಗಾಗಿ. ಆ ಪಡೆ ಮೊದಲು ಬಂದು ಲಂಗರು ಹಾಕಿದ್ದು ಕಾರವಾರದ ಎದುರಿನ ಅಂಜುದೀವಿನಲ್ಲಿ. ಅಲ್ಲೊಂದು ಕೋಟೆ ಕಟ್ಟಿತು. ಅಕ್ಟೋಬರಿನಲ್ಲಿ ಹೊನ್ನಾವರದ ಮೇಲೆ ಬಿದ್ದು ಬಂದರಿನಲ್ಲಿದ್ದ ಹಡಗುಗಳನ್ನು ಸುಟ್ಟಿತು. ವೆಲ್ಸರರ ಕಡೆಯ ಬಾಲ್ಟಾಸರ್ ಶ್ಪ್ರೆಂಗರ್ ಎಂಬವನು ಅದರಲ್ಲಿದ್ದ. ಹಿಂತಿರುಗಿ ಹೋಗಿ ಬರೆದ ಪ್ರವಾಸ ಕಥನ 1509ರಲ್ಲಿ ಅಚ್ಚಾಯಿತು. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂದದ್ದು, ಅವಳ ಮೆಣಸು ಶರಾವತಿಯಲ್ಲಿ ಇಳಿದು ಬರುತ್ತಿದ್ದದ್ದು, ಇದೆಲ್ಲ ನಮಗೆ ಗೊತ್ತಿರುವ ಕತೆ. ಅದರ ಹಿಂದಿನ ಹಣಕಾಸಿನ ಕಡತದ ಒಂದು ಖಾನೆ ಇಲ್ಲಿತ್ತು ಎಂಬುದು ನನಗೆ ಹೊಸದು. ನಾನು ಇದನ್ನು ವಿವರಿಸಿದಾಗ ಜರ್ಮನರು ಕೇಳಿ, ಸ್ವಲ್ಪ ಹೊತ್ತು ಬಿಟ್ಟು, "ಹಾಗಾದರೆ ಇವತ್ತು ಊಟದ ಬಿಲ್ಲು ನಾನು ಕೊಡುತ್ತೇನೆ" ಅಂದರು.

ಊಟದ ಕತೆ ದೊಡ್ಡದಿಲ್ಲ. ಗೋಧಿ ಹಿಟ್ಟಿನ ಸಣ್ಣ ತುಣುಕುಗಳನ್ನು ಬೇಯಿಸಿ ಚೀಸು ಕಲಸಿ, ಮೇಲೆ ಹುರಿದ ಈರುಳ್ಳಿ ಹಾಕಿದ ಒಂದು ತಿನಿಸು. ಮಾಮನಿಗೆ ಇದು ಸರಿಹೋಗುತ್ತದೆ ಅಂದುಕೊಂಡಿದ್ದೆವು. ಜರ್ಮನರು ಪ್ರಾಮಾಣಿಕರು, ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ ಅಂತ ಹೇಳಿಬಿಟ್ಟರು. ಮಾಮ ಬೇಯಿಸಿದ ಆಲೂಗಡ್ಡೆ ತಿಂದು, ಚೀಲದಿಂದ ಪುಳಿಯೋಗರೆಯ ಡಬ್ಬಿ ತೆಗೆದರು. ನಾವು ನಾಲ್ವರೂ ಅದಕ್ಕೇ ಕೈ ಹಾಕಿದೆವು.

ಮಧ್ಯಾಹ್ನ ಮೂರಕ್ಕೆ ಫುಗ್ಗರೈಗೆ ಹೋದೆವು. ಫುಗ್ಗರ್ 1521ರಲ್ಲಿ ಊರಿನ ಬಡ ಕೂಲಿಕಾರ ಕಸುಬುದಾರರಿಗೆ ಅಂತ ಕಟ್ಟಿಸಿದ ಕೇರಿ ಅದು. ಗೋಡೆಯ ಒಳಗೊಂದು ಸಣ್ಣ ಊರು. 67 ಮನೆ, ಒಳಗೆ 140 ವಾಸದ ಘಟಕ, ಈಗ ಸುಮಾರು 150 ಜನ ಇದ್ದಾರೆ. ಹಳದಿ ಗೋಡೆ, ಹಸಿರು ಕಿಟಕಿ ಬಾಗಿಲು, ಕೆಳಗಿನವರಿಗೆ ಚೂರು ಹಿತ್ತಿಲು, ಮೇಲಿನವರಿಗೆ ಅಟ್ಟ. ಮೇಲಿನ ಮನೆಗೂ ಬೀದಿಗೆ ತೆರೆಯುವ ಸ್ವಂತ ಬಾಗಿಲು. ಕರೆಗಂಟೆ ಎಳೆಯುವ ಕಬ್ಬಿಣದ ಹಿಡಿ ಒಂದೊಂದು ಬಾಗಿಲಿಗೆ ಒಂದೊಂದು ಆಕಾರ. ದೀಪವಿಲ್ಲದ ಕಾಲದಲ್ಲಿ ಕತ್ತಲಲ್ಲಿ ಕೈಯಾಡಿಸಿ ತನ್ನ ಮನೆ ಗುರುತು ಹಿಡಿಯಲಿ ಅಂತ. ಸಂಗೀತದ ಮೊಜಾರ್ಟನ ಮುತ್ತಜ್ಜ, ಗಾರೆ ಕೆಲಸದವನು, ಕಷ್ಟ ಬಂದು ಇಲ್ಲೇ ಇದ್ದ.

ಬಾಡಿಗೆ ಒಂದು ರೈನ್ ಗುಲ್ಡನ್, ವರ್ಷಕ್ಕೆ. ಇವತ್ತಿಗೂ ಅಷ್ಟೇ: 88 ಸೆಂಟ್. ತಿಂಗಳಿಗಲ್ಲ, ವರ್ಷಕ್ಕೆ. ಕರೆಂಟು, ಬಿಸಿಯ ಖರ್ಚು ಅವರವರದು. ಇರುವವರು ಆ ಊರಿನವರಾಗಿರಬೇಕು, ಕ್ಯಾಥೊಲಿಕರಾಗಿರಬೇಕು, ಬಡವರಾಗಿರಬೇಕು. ದಿನಕ್ಕೆ ಮೂರು ಪ್ರಾರ್ಥನೆ ಫುಗ್ಗರ್ ಮನೆತನದ ಹೆಸರಲ್ಲಿ ಹೇಳಬೇಕು. ರಾತ್ರಿ ಹತ್ತಕ್ಕೆ ಬಾಗಿಲು ಮುಚ್ಚುತ್ತದೆ, ತಡವಾಗಿ ಬಂದರೆ ಕಾವಲಿನವನಿಗೆ 50 ಸೆಂಟ್, ಹನ್ನೆರಡು ದಾಟಿದರೆ 1 ಯೂರೋ.

ಆಗ ಹುಡುಗಿ ಲೆಕ್ಕ ಹಾಕಿದಳು. ಬೆಳಿಗ್ಗೆ ಹೆದ್ದಾರಿ ಬದಿ ಶೌಚಾಲಯಕ್ಕೆ ನಾವು ತಲಾ ತೆತ್ತದ್ದು ಇವರ ಒಂದು ವರ್ಷದ ಬಾಡಿಗೆಗಿಂತ 12 ಸೆಂಟ್ ಹೆಚ್ಚು. ಒಳಗೆ ಬರಲು ತೆಗೆದುಕೊಂಡ ಟಿಕೆಟ್ಟು ಇವರ ಎಷ್ಟೋ ವರ್ಷಗಳ ಬಾಡಿಗೆ. ಅವಳು ಪುಣೆಯಲ್ಲಿ ಫ್ಲ್ಯಾಟು ಕೊಂಡಿದ್ದಾಳೆ, 25 ವರ್ಷದ ಕಂತು. ಅವಳ ಮುಖ ನೋಡುವಂತಿತ್ತು.

ಮಾಮ ಒಪ್ಪಲಿಲ್ಲ. "ಐನೂರು ವರ್ಷ ಬಾಡಿಗೆ ಏರಿಸದೆ ಇರುವುದು ಏನು ದೊಡ್ಡ ವಿಷಯ? ಮುಂಬಯಿಗೆ ಬನ್ನಿ, ಎಂಬತ್ತು ವರ್ಷದಿಂದ ಏರದ ಬಾಡಿಗೆ ನಾನೇ ತೋರಿಸುತ್ತೇನೆ" ಅಂದರು. ಅವರು ಮುಂಬಯಿಯಲ್ಲಿ ಆರು ವರ್ಷ ಇದ್ದವರು. ಆ ಮಾತು ನನಗೇ ತಾಗುವಂಥದ್ದು, ಅದು ಅವರಿಗೆ ಗೊತ್ತಿರಲಿಲ್ಲ.

ನಾನು ಬಿ.ಕಾಂ. ಮುಗಿಸಿ 1988ರಲ್ಲಿ ಮುಂಬಯಿಗೆ ಬಂದು ಇಳಿದದ್ದು ಪರೇಲಿನ ಒಂದು ಚಾಳಿನಲ್ಲಿ, ಚಿಕ್ಕಪ್ಪನ ಖೋಲಿಗೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಚಿಕ್ಕಪ್ಪ ಚಿಕ್ಕಮ್ಮ, ಅವರ ಮಗಳು, ಊರಿಂದ ನೌಕರಿಗೆ ಬಂದ ನಾವು ನಾಲ್ಕು ಜನ ಹುಡುಗರು. ನಾವು ಮಲಗುವುದು ಹೊರಗೆ ಗ್ಯಾಲರಿಯಲ್ಲಿ, ಮಳೆಗಾಲದಲ್ಲಿ ಒಳಗೆ, ಕಾಲು ಮಡಚಿ. ಮೂವತ್ತು ಖೋಲಿಗೆ ಕೊನೆಯಲ್ಲಿ ನಾಲ್ಕು ಶೌಚಾಲಯ. ಭಾಡೆ ತಿಂಗಳಿಗೆ 27 ರೂಪಾಯಿ. 1947ರ ಬಾಡಿಗೆ ಕಾಯಿದೆ ಪ್ರಕಾರ ಬಾಡಿಗೆ 1940ರ ಮಟ್ಟದಲ್ಲೇ ನಿಂತುಬಿಟ್ಟಿತ್ತು. ಚಿಕ್ಕಪ್ಪ ಪಾಗ್ಡಿ ಕೊಟ್ಟು ಹಿಡಿದ ಖೋಲಿ ಅದು. ಮಾಲೀಕನಿಗೆ ಆ 27 ರೂಪಾಯಿಯಲ್ಲಿ ಸುಣ್ಣ ಬಳಿಸುವುದೂ ಸಾಧ್ಯವಿರಲಿಲ್ಲ, ಅವನು ಬಳಿಸಲೂ ಇಲ್ಲ. ಮರದ ತೊಲೆಗೆ ಗೆದ್ದಲು, ಗ್ಯಾಲರಿಗೆ ಕಬ್ಬಿಣದ ಆಸರೆ, ಆ ಆಸರೆಗೆ ಇನ್ನೊಂದು ಆಸರೆ. ಮುಂಬಯಿಯಲ್ಲಿ ಪ್ರತಿ ಮಳೆಗಾಲ ಇಂಥ ಕಟ್ಟಡ ಯಾವುದಾದರೊಂದು ಕುಸಿಯುತ್ತದೆ, ಪೇಪರಿನಲ್ಲಿ ಓದುತ್ತೀರಲ್ಲ. ಚಿಕ್ಕಪ್ಪ 2009ರಲ್ಲಿ ಹೋದರು. ಮಗಳು ಹುಬ್ಬಳ್ಳಿಯಲ್ಲಿ. ಚಿಕ್ಕಮ್ಮ ಮಾತ್ರ ಆ ಖೋಲಿ ಬಿಟ್ಟು ಕದಲಿರಲಿಲ್ಲ. ಆಗ ಅವಳಿಗೆ 81.

ಇಲ್ಲೂ ಬಾಡಿಗೆ ಏರಿಲ್ಲ, ಅಲ್ಲೂ ಏರಿಲ್ಲ. ಇಲ್ಲಿ ಗೋಡೆ ಮೊನ್ನೆ ಬಣ್ಣ ಬಳಿದ ಹಾಗಿದೆ, ಅಲ್ಲಿ ತೊಲೆ ತಲೆಯ ಮೇಲೆ ಬೀಳುವ ಹಾಗಿದೆ. ವ್ಯತ್ಯಾಸ ಎಲ್ಲಿ? ನಾನು ಜರ್ಮನರನ್ನು ಕೇಳಿದೆ: "ರಿಪೇರಿಗೆ ದುಡ್ಡು ಎಲ್ಲಿಂದ?"

"ಕಾಡಿನಿಂದ" ಅಂದರು.

ಮೊದಲು ತಮಾಷೆ ಅಂದುಕೊಂಡೆ. ನಿಜವಾಗಿಯೂ ಕಾಡಿನಿಂದಲೇ. ಫುಗ್ಗರ್ ಮನೆ ಕಟ್ಟಿಸಿ ಕೈ ತೊಳೆದುಕೊಳ್ಳಲಿಲ್ಲ. ಅದಕ್ಕೊಂದು ನಿಧಿ ಇಟ್ಟ. ಅವನ ಲೆಕ್ಕದ ಪುಸ್ತಕದಲ್ಲಿ ಊರಿನ ಸಂತ ಉಲ್ರಿಕ್ಕನ ಹೆಸರಲ್ಲೇ ಒಂದು ಖಾತೆ ಇತ್ತು, ದಾನಕ್ಕೆ. ನಮ್ಮ ಕಡೆಯ ಸಾಹುಕಾರರ ವಹಿಯಲ್ಲಿ ಧರ್ಮಾದಾಯದ ಖಾತೆ ಇರುತ್ತಿತ್ತಲ್ಲ, ಹಾಗೆಯೇ. ಮುಂದಿನವರು ಆ ಬಂಡವಾಳವನ್ನು ಭೂಮಿ ಮತ್ತು ಕಾಡಿನಲ್ಲಿ ಹಾಕಿದರು. ಇವತ್ತು ಫುಗ್ಗರ್ ಪ್ರತಿಷ್ಠಾನಗಳಿಗೆ ಮೂರು ಸಾವಿರ ಹೆಕ್ಟೇರಿಗೂ ಮಿಕ್ಕಿ ಕಾಡಿದೆ. ಮರ ಬೆಳೆಯುತ್ತದೆ, ಒಂದಿಷ್ಟು ಕಡಿದು ಮಾರುತ್ತಾರೆ, ಅದರಿಂದ ಮಾಡು ದುರಸ್ತಿಯಾಗುತ್ತದೆ. ಈಗ ಟಿಕೆಟ್ಟಿನ ಹಣವೂ ಸೇರುತ್ತದೆ. ಈ ನಡುವೆ 1557ರಲ್ಲಿ ಸ್ಪೇನಿನ ರಾಜ ಸಾಲಕ್ಕೆ ಕೈ ಎತ್ತಿದ, ಫುಗ್ಗರರ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿತ್ತು. ವೆಲ್ಸರರು 1614ರಲ್ಲಿ ದಿವಾಳಿಯೇ ಎದ್ದರು. ಬ್ಯಾಂಕು ಹೋಯಿತು, ಕೇರಿ ಉಳಿಯಿತು. 1944ರ ಬಾಂಬಿನಲ್ಲಿ ಕೇರಿಯ ಬಹುಭಾಗ ನೆಲಸಮವಾದಾಗ, ಕೆಲವೇ ದಿನಗಳಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಮತ್ತೆ ಕಟ್ಟುವುದೆಂದು ಮನೆತನದವರು ತೀರ್ಮಾನ ಮಾಡಿದರಂತೆ. ಆಗ ಜನ ಅಡಗಿ ಕೂತ ನೆಲದೊಳಗಿನ ಬಂಕರ್ ಈಗಲೂ ಇದೆ, ಇಳಿದು ನೋಡಬಹುದು.

ಫುಗ್ಗರನನ್ನು ದೇವರು ಮಾಡಲು ನಾನು ತಯಾರಿಲ್ಲ. ಗಣಿಯ ಕೂಲಿಯವರ ಬೆವರು, ಪಾಪಕ್ಷಮೆಯ ಕಮಿಷನ್ನು, ನಮ್ಮೂರ ಬಂದರಿನ ಹೊಗೆ, ಎಲ್ಲವೂ ಆ ಲೆಕ್ಕದಲ್ಲಿ ಸೇರಿದೆ. 1511ರಿಂದ 1527ರ ಒಳಗೆ ಮನೆತನದ ಬಂಡವಾಳ ಸುಮಾರು ಎರಡು ಲಕ್ಷ ಗುಲ್ಡನ್ನಿನಿಂದ ಇಪ್ಪತ್ತು ಲಕ್ಷಕ್ಕೇರಿತು. ಅದರೆದುರು ಈ ಕೇರಿ ಚಿಲ್ಲರೆ. ಮೇಲಿಂದ ಪ್ರಾರ್ಥನೆಯ ಷರತ್ತು ಬೇರೆ. ಸ್ವರ್ಗಕ್ಕೂ ಕಂತು ಕಟ್ಟಿಸಿಕೊಂಡವನು ಅವನು. ಆದರೆ ಲೆಕ್ಕಿಗನಾಗಿ ಒಂದನ್ನು ಮೆಚ್ಚದೆ ಇರಲಾಗಲಿಲ್ಲ. ಮನೆ ಕೊಟ್ಟವರು ಬಹಳ ಜನ ಸಿಗುತ್ತಾರೆ, ಮನೆಯ ಮಾಡಿಗೂ ದುಡ್ಡು ಇಟ್ಟವರು ಕಮ್ಮಿ.

ಒಂದು ಮನೆಯ ಮುಂದೆ ಅಜ್ಜಿಯೊಬ್ಬಳು ಹೂವಿನ ಕುಂಡಕ್ಕೆ ನೀರು ಹಾಕುತ್ತಿದ್ದಳು. ನಮ್ಮನ್ನು ನೋಡಿ ತಲೆಯಾಡಿಸಿ ಒಳಗೆ ಹೋಗಿ ಪರದೆ ಎಳೆದುಕೊಂಡಳು. ಸರಿಯೇ ಅಲ್ಲವೇ, ದಿನವೆಲ್ಲ ಪ್ರವಾಸಿಗರು ಕಿಟಕಿಯಲ್ಲಿ ಇಣುಕಿದರೆ ಯಾರಿಗೆ ಬೇಕು. ಬಂಗಾಳಿ ಹುಡುಗ ಕ್ಯಾಮೆರಾ ಕೆಳಗಿಳಿಸಿದ.

ಆ ಹೊತ್ತಿಗೇ ಫೋನು ಬಂತು. ಚಿಕ್ಕಮ್ಮ. ಅಲ್ಲಿ ಸಂಜೆ ಏಳು, ಹಿಂದೆ ಚಾಳಿನ ಗಣಪತಿಯ ಆರತಿ, ತಾಳದ ಸದ್ದಿನಲ್ಲಿ ಮಾತು ಅರ್ಧಂಬರ್ಧ.

"ತಮಾ, ಊಟ ಆತಾ?"

"ಇಲ್ಲಿ ಇನ್ನೂ ಮಧ್ಯಾಹ್ನ ಚಿಕ್ಕಮ್ಮ."

"ಬಿಲ್ಡರಿನ ಜನ ಬಂದಿದ್ರು ಮಾರಾಯ. ಈ ಸಲದ ಅಪಾಯದ ಕಟ್ಟಡದ ಪಟ್ಟಿಯಲ್ಲಿ ನಮ್ದೂ ಅದೆಯಂತೆ. ಸಹಿ ಹಾಕು, ಹೊಸ ಮನೆ ಸಿಗ್ತದೆ ಅಂತಾರೆ. ಇಪ್ಪತ್ತೆರಡು ಮಾಳಿಗೆ ಅಂತೆ. ನೀನು ಬ್ಯಾಂಕಿನವ, ನೀನೇ ಹೇಳು. ಹಾಕ್ಲಾ ಬೇಡ್ವಾ?"

ಈ ಪ್ರಶ್ನೆ ಹೊಸದಲ್ಲ. ಹತ್ತು ವರ್ಷದಲ್ಲಿ ಮೂರು ಬಿಲ್ಡರುಗಳು ಬಂದು ಹೋಗಿದ್ದರು. ಖಾಲಿ ಮಾಡಿಸಿ, ಕೆಡವಿ, ಕಟ್ಟದೆ ಬಿಟ್ಟ ಜಾಗಗಳು ಅದೇ ರಸ್ತೆಯಲ್ಲಿವೆ. ಆ ಜನ ವಿರಾರಿನಲ್ಲೋ ಕಲ್ಯಾಣದಲ್ಲೋ ಬಾಡಿಗೆ ಮನೆಯಲ್ಲೇ ತೀರಿಕೊಂಡಿದ್ದಾರೆ. ಕಟ್ಟಿ ಮುಗಿಸಿದ ಕಡೆ ಇನ್ನೊಂದು ತಾಪತ್ರಯ. ಮನೆಯೇನೋ ಪುಕ್ಕಟೆ ಸಿಗುತ್ತದೆ, ಆದರೆ ಲಿಫ್ಟು, ಪಂಪು, ಕಾವಲುಗಾರ ಅಂತ ತಿಂಗಳಿಗೆ ಸಾವಿರಾರು ರೂಪಾಯಿ ನಿರ್ವಹಣೆ. 27 ರೂಪಾಯಿ ಕೊಡುತ್ತಿದ್ದವರು ಎಲ್ಲಿಂದ ತರಬೇಕು? ಎರಡು ಮೂರು ವರ್ಷದಲ್ಲಿ ಮಾರಿ ಹೋಗುತ್ತಾರೆ. ಇದನ್ನೆಲ್ಲ ನಾನು ಮೊದಲಿಂದ ಬಲ್ಲೆ. ಆದರೆ ಆ ದಿನ, ಆ ಹಳದಿ ಗೋಡೆಯ ಪಕ್ಕ ನಿಂತು, ಕೇಳಬೇಕಾದದ್ದು ಏನು ಅಂತ ಸ್ಪಷ್ಟವಾಯಿತು.

"ಈಗ ಸಹಿ ಹಾಕಬೇಡ. ಬೇಡ ಅಂತಲೂ ಹೇಳಬೇಡ. ನಾನು ಬಂದ ಮೇಲೆ ಕಾಗದ ಓದುತ್ತೇನೆ" ಅಂದೆ.

"ಮಳೆ ಇನ್ನೂ ನಿಂತಿಲ್ಲ. ತೊಲೆ ಕೇಳ್ಬೇಕಲ್ಲ" ಅಂದಳು. ಫೋನಿಟ್ಟಳು.

ರಾತ್ರಿ ಹುಡುಗರಿಬ್ಬರು ರೈಲು ಹಿಡಿದು ಮ್ಯೂನಿಕ್ಕಿಗೆ ಹೋಗಿ ಬಂದರು. ಜನಸಂದಣಿ, ಕುಡಿತ, ಕೂರಲು ಜಾಗವಿಲ್ಲ. ಲಾಲ್‌ಬಾಗಿನ ರಾಜಾನ ಸಾಲೇ ವಾಸಿ ಎಂಬುದು ಹುಡುಗಿಯ ವರದಿ. ಭಾನುವಾರ ಅಂಗಡಿಗಳೆಲ್ಲ ಬಂದ್. ಒಂದು ಬೇಕರಿ ತೆರೆದಿತ್ತು. ಅಲ್ಲಿ ಪ್ಲಮ್ ಹಣ್ಣನ್ನು ಸಾಲಾಗಿ ಹೊದಿಸಿ ಸುಟ್ಟ ಕೇಕು ತಿಂದೆವು, ಅದು ಆ ಊರಿನ ಹೆಮ್ಮೆಯ ತಿಂಡಿ. ಹುಳಿ, ಸಿಹಿ ಎರಡೂ ಹದವಾಗಿತ್ತು. ಮಾಮ ಅದನ್ನೂ ಮೊಟ್ಟೆ ಇದೆಯಾ ಅಂತ ಕೇಳಿದರು. ಈ ಸಲ ಜರ್ಮನರು ಕೇಳಿಸದವರ ಹಾಗೆ ಕಿಟಕಿ ಕಡೆ ನೋಡಿದರು. ಮಾಮ ಎರಡು ತುಂಡು ತಿಂದರು.

ನವೆಂಬರಿನಲ್ಲಿ ಮುಂಬಯಿಗೆ ಮರಳಿದೆ. ಡಿಸೆಂಬರಿನಲ್ಲಿ ಚಾಳಿನ ಅಂಗಳದಲ್ಲಿ ಬಾಡಿಗೆದಾರರ ಸಭೆ. ಬಿಲ್ಡರಿನ ಕಡೆಯವರು ಲ್ಯಾಪ್‌ಟಾಪ್ ತಂದು ಗೋಡೆಯ ಮೇಲೆ ಚಿತ್ರ ಬಿಟ್ಟರು: ಈಜುಕೊಳ, ತೋಟ, ಓಡುವ ಹೆಂಗಸು. ನಾನು ಚಿಕ್ಕಮ್ಮನ ಪರವಾಗಿ ಎದ್ದು ಒಂದೇ ಕೇಳಿದೆ: ಹತ್ತು ವರ್ಷದ ಮೇಲೆ ಲಿಫ್ಟು ಕೆಟ್ಟರೆ ದುಡ್ಡು ಯಾರದು? ಇಂಥ ಯೋಜನೆಗಳಲ್ಲಿ ಕಾರ್ಪಸ್ ಫಂಡ್ ಅಂತ ಬಿಲ್ಡರು ಪ್ರತಿ ಮನೆಗೆ ಒಂದು ಮೊತ್ತ ಕೊಡುವ ರೂಢಿಯಿದೆ. ಅದು ಬಡ್ಡಿ ಬಂದು ನಿರ್ವಹಣೆಗೆ ಆಗಲಿ ಅಂತ ಇರುವ ಹಣ. ಆದರೆ ಬಹಳ ಕಡೆ ಅದನ್ನು ಕೈಗೇ ಹಂಚುತ್ತಾರೆ, ಮದುವೆಗೋ ಬೈಕಿಗೋ ಹೋಗುತ್ತದೆ. ಅದನ್ನು ಹಂಚದೆ ಸೊಸೈಟಿಯ ಹೆಸರಲ್ಲೇ ಠೇವಣಿ ಇಡಿ, ಅಸಲು ಮುಟ್ಟುವ ಹಾಗಿಲ್ಲ ಅಂತ ಕರಾರಿನಲ್ಲೇ ಬರೆಯಿರಿ ಅಂದೆ.

ಸಭೆಯಲ್ಲಿ ಗದ್ದಲವೋ ಗದ್ದಲ. ಕೈಗೆ ಬರುವ ಹಣಕ್ಕೆ ಕಲ್ಲು ಹಾಕಲು ಬಂದೆ ಅಂತ ನನ್ನೆದುರೇ ಮರಾಠಿಯಲ್ಲಿ ಬೈದವರಿದ್ದಾರೆ. ಅವರ ಮಾತಿನಲ್ಲೂ ಅರ್ಥವಿತ್ತು. ನಾನು ಮುಲುಂಡಿನಿಂದ ಬಂದು ಉಪದೇಶ ಮಾಡಿ ಹೋಗುವವನು. ಅವರ ಮನೆಯಲ್ಲಿ ಇವತ್ತೇ ಆಸ್ಪತ್ರೆ ಬಿಲ್ಲಿದೆ. ನಾಲ್ಕು ಸಭೆ ಆಯಿತು. ಕೊನೆಗೆ ಅರ್ಧ ಕೈಗೆ, ಅರ್ಧ ಠೇವಣಿಗೆ ಅಂತ ಇತ್ಯರ್ಥ. ನನಗೆ ಪೂರ್ತಿ ಬೇಕಿತ್ತು. ಅರ್ಧವಾದರೂ ಬರವಣಿಗೆಯಲ್ಲಿ ಬಂತು.

ಚಿಕ್ಕಮ್ಮನಿಗೆ ಫುಗ್ಗರೈಯ ಫೋಟೋ ತೋರಿಸಿ ಬಾಡಿಗೆಯ ಕತೆ, ಪ್ರಾರ್ಥನೆಯ ಕತೆ ಎಲ್ಲ ಹೇಳಿದೆ. ಕನ್ನಡಕ ಹಾಕಿ ಒಂದೊಂದೇ ನೋಡಿದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಸಂಡಾಸು ಒಳಗೇ ಅದೆಯಾ?" ಅದೆ ಅಂದೆ. "ಹಂಗಾದ್ರೆ ಮೂರಲ್ಲ, ಆರು ಸಲ ಪ್ರಾರ್ಥನೆ ಮಾಡ್ಬಹುದು" ಅಂದಳು.

2024ರ ಮೇ ತಿಂಗಳಲ್ಲಿ ಮಳೆಗೆ ಮುಂಚೆ ಚಾಳು ಖಾಲಿಯಾಯಿತು. ಚಿಕ್ಕಮ್ಮ ಈಗ ಮುಲುಂಡಿನಲ್ಲಿ ನಮ್ಮ ಜತೆ ಇದ್ದಾಳೆ. ಬದಲಿ ಮನೆಯ ಭಾಡೆ ಅಂತ ಬಿಲ್ಡರಿನಿಂದ ಅವಳ ಖಾತೆಗೆ ತಿಂಗಳಿಗೊಮ್ಮೆ ಹಣ ಬರುತ್ತದೆ. ಪ್ರತಿ ತಿಂಗಳು ಒಂದನೇ ತಾರೀಕು ಬೆಳಿಗ್ಗೆ ನಾನು ಚಾ ಕುಡಿಯುವ ಮುಂಚೆಯೇ "ಬಂತಾ?" ಅಂತ ಕೇಳುತ್ತಾಳೆ. ಮೊನ್ನೆ ಹೋಗಿ ನೋಡಿ ಬಂದೆ, ಮೂರನೇ ಸ್ಲ್ಯಾಬ್ ಬಿದ್ದಿದೆ. ಈ ತಿಂಗಳ ಭಾಡೆ ಒಂಬತ್ತು ದಿನ ತಡವಾಗಿ ಬಂತು.